ಚಿಕ್ಕಿಯ ಬಳೆ ಮತ್ತು ಒಂದು ಸ್ವಭಾವೋಕ್ತಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸಭೆ ನಡೆದದ್ದು ಭಾನುವಾರ ಎಂದು ನನ್ನ ದಿನಚರಿ ಹೇಳುತ್ತದೆ. ಆದರೆ ನನ್ನ ಭಾಷಣದ ನಡುವೆ ಶಾಲೆಯ ಗಂಟೆ ಹೊಡೆದದ್ದು, ಮಕ್ಕಳು ಹೊರಗೆ ಓಡಿದ್ದು, ಆ ಗದ್ದಲ ಅಡಗುವವರೆಗೆ ನಾನು ಬಾಯಿ ಮುಚ್ಚಿ ನಿಂತದ್ದು ಚೆನ್ನಾಗಿ ನೆನಪಿದೆ. ಭಾನುವಾರ ಗಂಟೆ ಹೊಡೆದವರು ಯಾರು? ದಿನಚರಿಯನ್ನು ನಂಬೋಣವೆಂದರೆ ಅದನ್ನು ಬರೆದವಳೂ ನಾನೇ. ಅದೂ ಧಾರವಾಡದಲ್ಲಿ ಬಿ.ಎ. ಮುಗಿಸಿ ಶಿರಸಿಗೆ ಬಂದ ಹೊಸದರಲ್ಲಿ, ಮುಂದೊಂದು ದಿನ ಯಾರಾದರೂ ಓದಿ ಭೇಷ್ ಎನ್ನಲಿ ಎಂಬ ಆಸೆ ಇಟ್ಟುಕೊಂಡು ಬರೆದದ್ದು. ಅದಕ್ಕಿಂತ ಅಗಸನ ಬಟ್ಟೆಪಟ್ಟಿ ಹೆಚ್ಚು ಪ್ರಾಮಾಣಿಕ. ಆದ್ದರಿಂದ ವಾರ, ತಿಥಿ ಬಿಟ್ಟುಬಿಡುತ್ತೇನೆ. ಯಾರು ಏನು ಹೇಳಿದರು ಎಂಬುದನ್ನು ಮಾತ್ರ ಆದಷ್ಟು ಸರಿಯಾಗಿ ಬರೆಯಲು ನೋಡುತ್ತೇನೆ.

ಮೂವತ್ತರ ದಶಕದ ಕೊನೆಯ ವರ್ಷಗಳವು. ಯುರೋಪಿನಲ್ಲಿ ಮತ್ತೆ ಯುದ್ಧವಾಗುತ್ತದೆ ಎಂದು ಪೇಪರು ಓದುವವರು ಹೇಳುತ್ತಿದ್ದರು. ಪೇಪರು ಓದದವರು ಇನ್ನೂ ಖಚಿತವಾಗಿ ಹೇಳುತ್ತಿದ್ದರು. ನಮ್ಮ ಊರಿನ ಕನ್ನಡ ಮಾಸ್ತರರು ಹೊಸ ಯುದ್ಧಕ್ಕೆ ಕಾಯದೆ ಹಿಂದಿನ ಮಹಾಯುದ್ಧದ ಮೇಲೆ ಒಂದು ಕವನ ಬರೆದು ಮುಗಿಸಿದರು. ನೂರೆಂಟು ಪದ್ಯ. ನೂರೇಳಕ್ಕೇ ವಿಷಯ ಮುಗಿದಿತ್ತು. ಅಷ್ಟೋತ್ತರಕ್ಕೆ ಒಂದು ಕಡಿಮೆ ಬಿತ್ತೆಂದು ಕೊನೆಗೆ ಒಂದು ಕೋಗಿಲೆಯನ್ನು ತಂದು ಬಸ್ರಾದ ಮರಳಿನಲ್ಲಿ ಕೂರಿಸಿ ಅಳಿಸಿದರು.

ಮಾಸ್ತರರು ಹಾವೇರಿ ಕಡೆಯಿಂದ ವರ್ಗವಾಗಿ ಬಂದವರು. ಒಳ್ಳೆಯವರು. ಅವರು ಕಣ್ಣಾರೆ ಕಂಡ ದೊಡ್ಡ ಹೊಡೆದಾಟವೆಂದರೆ ಶಿರಸಿಯ ಮೋಟಾರು ಸ್ಟ್ಯಾಂಡಿನಲ್ಲಿ ಒಬ್ಬ ಪ್ರಯಾಣಿಕನ ಟ್ರಂಕಿಗಾಗಿ ಇಬ್ಬರು ಏಜೆಂಟರು ನಡೆಸಿದ್ದು. ಆ ಅನುಭವದ ಮೇಲೆ ಅವರು ಮೆಸಪಟೇಮಿಯವನ್ನು ಕಟ್ಟಿದರು. ಅಲ್ಲಿ ಫಿರಂಗಿ ಸಿಡಿಲಿನಂತೆ ಗುಡುಗಿತು, ರಕ್ತ ಹೊಳೆಯಂತೆ ಹರಿಯಿತು, ಆ ಹೊಳೆಯಲ್ಲಿ ತಲೆಗಳು ಕೆಂದಾವರೆಯಂತೆ ತೇಲಿದವು, ದುಂಬಿಗಳು ಬಂದು ಮೋಸಹೋದವು. ನಡುವೆ ಕುದುರೆಯ ಮೇಲೆ ಕತ್ತಿ ಬೀಸುತ್ತ ‘ಸಹ್ಯಾದ್ರಿಯ ಸಿಂಹ’ ಒಬ್ಬ ಬಂದ. ಎದ್ದ, ಎರಗಿದ, ಬಿದ್ದ. ಪ್ರತಿಯೊಂದಕ್ಕೂ ಒಂದು ‘ಅಂತೆ’.

ಆ ಸಿಂಹ ಯಾರೆಂದು ಹೆಸರು ಹೇಳುವ ಅಗತ್ಯ ಇರಲಿಲ್ಲ. ನಮ್ಮ ಜನರಲ್ಲಿ ಆ ಯುದ್ಧಕ್ಕೆ ಹೋದವರು ಒಬ್ಬರೇ: ನನ್ನ ಚಿಕ್ಕಪ್ಪ, ಅಂದರೆ ತಾಯಿಯ ತಂಗಿಯಾದ ಚಿಕ್ಕಿಯ ಗಂಡ. ಮದುವೆಯಾದ ಎರಡನೆಯ ವರ್ಷ, ಸಿದ್ದಾಪುರದ ಹತ್ತಿರದ ಹಳ್ಳಿ ಮನ್ಮನೆಯ ಮನೆಯಿಂದ ಹೊರಟು, ಸಮುದ್ರ ದಾಟಬಾರದೆಂದು ಅತ್ತ ತಾಯಿಯನ್ನೂ ಸುಮ್ಮನೆ ನಿಂತ ಹೆಂಡತಿಯನ್ನೂ ಬಿಟ್ಟು, ಬಸ್ರಾದಲ್ಲಿ ಹೇಸರಗತ್ತೆಗಳ ಡಿಪೋ ಒಂದರಲ್ಲಿ ಗುಮಾಸ್ತನಾದರು. ಒಂದು ವರ್ಷದ ಮೇಲೆ ಸರಕಾರದ ಕಾಗದ ಬಂತು. ಮಾಮಲೇದಾರ ಕಚೇರಿಯಲ್ಲಿ ಕಾರಕೂನರಾಗಿದ್ದ ನನ್ನ ತಂದೆ ಅದನ್ನು ಓದಿ ‘ಮಿಸ್ಸಿಂಗ್’ ಎಂದಿದೆ, ಕಾಣೆಯಾಗಿದ್ದಾರೆ ಅಂತ ಅರ್ಥ, ಎಂದರು. ಅಷ್ಟೇ. ಅಂದಿನಿಂದ ಇಪ್ಪತ್ತು ವರ್ಷ ಚಿಕ್ಕಿ ಹಣೆಗೆ ಕುಂಕುಮ, ಕೈಗೆ ಹಸಿರು ಬಳೆ, ಉದ್ದ ಜಡೆ ಇಟ್ಟುಕೊಂಡೇ ಇದ್ದಳು. ಮಗ ಬರುವವರೆಗೆ ಸೊಸೆಯ ಕೂದಲು ಮುಟ್ಟಿದರೆ ನೋಡಿ ಎಂದು ಅವಳ ಅತ್ತೆ ಹಟ ಹಿಡಿದಿದ್ದರು. ಆ ಅತ್ತೆ ಹಿಂದಿನ ವರ್ಷ ತೀರಿಕೊಂಡಿದ್ದರು.

ಕವನದ ಕೊನೆಯ ಭಾಗದಲ್ಲಿ ಸಿಂಹದ ಹೆಂಡತಿ ಬರುತ್ತಾಳೆ. ಬಾವಿಯಲ್ಲಿ ನೀರು ಸೇದುತ್ತಿರುವಾಗ ಸುದ್ದಿ ಮುಟ್ಟುತ್ತದೆ. ಅಲ್ಲಿ ಒಂದು ಸಾಲು:

ಒಡೆದುವು ಬಳೆಗಳು ಬಾವಿಯ ಕಟ್ಟೆಯಲಿ.

ಮುತ್ತಿಲ್ಲ, ತಾವರೆಯಿಲ್ಲ, ಅಂತೆಯಿಲ್ಲ. ನೂರೆಂಟು ಪದ್ಯಗಳಲ್ಲಿ ಒಳ್ಳೆಯ ಸಾಲು ಅದೊಂದೇ.

ಈ ಕವನದ ಅಲಂಕಾರ ಮತ್ತು ಕರುಣರಸದ ಮೇಲೆ ಸಭೆಯಲ್ಲಿ ಒಂದು ಭಾಷಣ ಮಾಡಬೇಕೆಂದು ಮಾಸ್ತರರು ನನ್ನನ್ನು ಕೇಳಿದರು. ಬಿ.ಎ. ಆದ ಹೆಂಗಸು ಶಿರಸಿಯಲ್ಲಿ ಆಗ ಆನೆಯಷ್ಟೇ ಅಪರೂಪ. ಮೆರವಣಿಗೆಗೆ ಕರೆಯುವುದೂ ಆನೆಯನ್ನು ಕರೆದ ಹಾಗೆಯೇ. ನಾನು ಹೋದೆ. ಉಪಮೆಗಳನ್ನು ಒಂದು ಕಡೆ, ರೂಪಕಗಳನ್ನು ಒಂದು ಕಡೆ, ಉತ್ಪ್ರೇಕ್ಷೆಗಳನ್ನು ಇನ್ನೊಂದು ಕಡೆ ವಿಂಗಡಿಸಿ ಹೇಳಿದೆ. ಜನ ಗೌರವದಿಂದ ಆಕಳಿಸಿದರು. ಆಮೇಲೆ ಬಳೆಯ ಸಾಲಿಗೆ ಬಂದೆ. ಇಲ್ಲಿ ಕವಿ ಅಲಂಕಾರಗಳನ್ನೆಲ್ಲ ಕೆಳಗಿಟ್ಟಿದ್ದಾರೆ, ಇದು ಸ್ವಭಾವೋಕ್ತಿ, ಎಂದರೆ ಇದ್ದದ್ದನ್ನು ಇದ್ದ ಹಾಗೆಯೇ ಹೇಳುವುದು, ನಿಜವಾದ ಕರುಣೆಗೆ ಹೋಲಿಕೆ ಬೇಕಿಲ್ಲ, ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡೆ. ಆ ಕಣ್ಣೀರು ನಿಜವೋ, ಭಾಷಣದ ಭಾಗವೋ ಈಗ ಹೇಳಲಾರೆ.

ಚಿಕ್ಕಿ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ನನ್ನ ಭಾಷಣ ಕೇಳಲೆಂದೇ ಮನ್ಮನೆಯಿಂದ ಬಂದಿದ್ದಳು. ‘ಒಡೆದುವು ಬಳೆಗಳು’ ಎಂದು ನಾನು ಓದಿದಾಗ ಆ ಸಾಲಿನ ಹೆಂಗಸರೆಲ್ಲ ಒಟ್ಟಿಗೆ ಕುತ್ತಿಗೆ ತಿರುಗಿಸಿ ಅವಳ ಮುಂಗೈ ನೋಡಿದರು. ಮುಂಗೈ ತುಂಬ ಬಳೆ. ಅವಳು ಆಗಷ್ಟೇ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಪಕ್ಕದಲ್ಲಿದ್ದ ಒಬ್ಬಳು ಕೇಳಿದಳಂತೆ:

“ಒಡದ್ದಿಲ್ಯನೇ, ಮಾರಾಯ್ತಿ?”

“ಗಾಜು ಗಟ್ಟಿ ಇದ್ದು,” ಎಂದಳಂತೆ ಚಿಕ್ಕಿ, ಎಲೆ ಮಡಚುತ್ತ.

ಅದಾದ ಎಂಟು ಹತ್ತು ದಿನಕ್ಕೆ ಮನ್ಮನೆಯಿಂದ ಕರೆ ಬಂತು, ಹೋದೆ. ಜಗುಲಿಯಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಚಿಕ್ಕಿಯ ಭಾವ, ಚಿಕ್ಕಪ್ಪನ ಅಣ್ಣ. ಇಪ್ಪತ್ತು ವರ್ಷ ಅವರು ತಮ್ಮನ ಮಾತೆತ್ತಿದರೆ ‘ಓಡಿಹೋದ ದನ’ ಎನ್ನುತ್ತಿದ್ದರು. ಕವನ ಬಂದ ಮೇಲೆ ಸಿಂಹದ ಅಣ್ಣನಾಗಿದ್ದರು. ಸಿದ್ದಾಪುರದ ಪೇಟೆಯಲ್ಲಿ ಜನ ಎದ್ದು ನಮಸ್ಕಾರ ಮಾಡತೊಡಗಿದ್ದರು. ಆದರೆ ವೀರನಾಗಬೇಕಾದರೆ ಸತ್ತಿರಬೇಕು; ಸತ್ತಿರಬೇಕಾದರೆ ಮನೆಯಲ್ಲಿ ವಿಧವೆ ಬೇಕು. ಹಸಿರು ಬಳೆಯ ಹೆಂಗಸೊಬ್ಬಳು ಅಂಗಳದಲ್ಲಿ ಓಡಾಡುತ್ತಿದ್ದರೆ ಸಿಂಹಕ್ಕೆ ಅವಮಾನ. ಎರಡನೆಯವರು ಮನೆಯ ಪುರೋಹಿತರಾದ ಭಟ್ಟರು. ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಎಣಿಸಿ, ಮುತ್ತುಗದ ಎಲೆಯಿಂದ ಅವನ ಆಕೃತಿ ಕಟ್ಟಿ ಸುಡುವ ವಿಧಿಯೊಂದು ಶಾಸ್ತ್ರದಲ್ಲಿದೆ. ಅದಾದ ಮೇಲೆ ಹೆಂಡತಿಗೆ ಬಳೆಯಿಲ್ಲ, ಕುಂಕುಮವಿಲ್ಲ. ತಲೆ ಬೋಳಿಸಿ ಕೆಂಪು ಸೀರೆ. ಮುಂದಿನ ಅಮಾವಾಸ್ಯೆಗೆ ಅದನ್ನು ಮಾಡುವುದೆಂದು ಇಬ್ಬರೂ ನಿಶ್ಚಯಿಸಿಕೊಂಡೇ ಕೂತಿದ್ದರು.

ಭಟ್ಟರು ನನ್ನನ್ನು ಕಂಡು ಖುಷಿಯಾದರು.

“ಬಾ ತಂಗಿ. ನಿನ್ನ ಭಾಷಣಕ್ಕೆ ಆನೂ ಬಂದಿದ್ದೆ. ನೀನು ಚೊಲೊ ಮಾತಾಡಿದ್ದೆ. ಬಳೆ ಸಾಲಿಗೆ ಸ್ವಭಾವೋಕ್ತಿ ಹೇಳಿದ್ದೆ, ಅಲ್ದಾ?”

“ಹೌದು.”

“ಇದ್ದದ್ದನ್ನ ಇದ್ದ ಹಾಂಗೆ ಹೇಳದು?”

“ಹೌದು.”

“ಹಾಂಗಾದ್ರೆ ಆತಲ್ಲ. ಉಪಮೆ ಹೇಳಿದ್ರೆ ಬಿಡ್ಲಾಗಿತ್ತು. ಉತ್ಪ್ರೇಕ್ಷೆ ಹೇಳಿದ್ರೂ ಬಿಡ್ಲಾಗಿತ್ತು. ಬಿ.ಎ. ಆದ ಕೂಸು, ಸ್ವಂತ ಅಕ್ಕನ ಮಗಳು, ಸಭೆಲಿ ನಿಂತು ಸ್ವಭಾವೋಕ್ತಿ ಹೇಳಿದ ಮೇಲೆ ಬಳೆ ಕೈಯಲ್ಲಿದ್ರೆ ತಪ್ಪು ಯಾರದ್ದು? ಪದ್ಯದ್ದೋ, ಬಳೆದೋ?”

ಕಾವ್ಯಶಾಸ್ತ್ರ ಕಲಿತದ್ದಕ್ಕೆ ಅಂದು ಪಟ್ಟ ಪಶ್ಚಾತ್ತಾಪವನ್ನು ಮತ್ತೆ ಯಾವಾಗಲೂ ಪಟ್ಟಿಲ್ಲ. ಧಾರವಾಡದಲ್ಲಿ ನಮ್ಮ ಪ್ರೊಫೆಸರರು ಸ್ವಭಾವೋಕ್ತಿ ಅಲಂಕಾರ ಹೌದೋ ಅಲ್ಲವೋ ಎಂದು ಒಂದು ವಾರ ಚರ್ಚೆ ಮಾಡಿಸಿದ್ದರು. ಅದರಿಂದ ಒಬ್ಬ ಹೆಂಗಸಿನ ಕೂದಲು ಹೋಗಬಹುದೆಂದು ಆ ಚರ್ಚೆಯಲ್ಲಿ ಯಾರೂ ಎತ್ತಿರಲಿಲ್ಲ.

ಚಿಕ್ಕಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಭಾವ ಅವಳ ಕಡೆ ನೋಡದೆ ಹೇಳಿದರು:

“ಹೊಸ ಸುದ್ದಿ ಎಂತ ಅಲ್ಲ ಇದು. ಇಪ್ಪತ್ತು ವರ್ಷಂದ ನೀನೇ ಹೇಳ್ತಾ ಇದ್ದೆ, ಸತ್ನಡ ಹೇಳಿ.”

“ಸತ್ನಡ ಹೇಳಿದ್ದು,” ಎಂದಳು ಚಿಕ್ಕಿ. “ಸತ್ತ ಹೇಳಿ ಆನು ಹೇಳಿದ್ನಾ?”

ಹೊರಗಿನವರಿಗಾಗಿ ಇದನ್ನು ಬಿಡಿಸಬೇಕು. ನಮ್ಮ ಮನೆಮಾತಿನಲ್ಲಿ ಕಂಡದ್ದಕ್ಕೂ ಕೇಳಿದ್ದಕ್ಕೂ ಕ್ರಿಯಾಪದ ಬೇರೆ. ‘ಬಂದ’ ಎಂದರೆ ನಾನೇ ನೋಡಿದೆ. ‘ಬಂದ್ನಡ’ ಎಂದರೆ ಯಾರೋ ಹೇಳಿದರು, ನಾನು ಜವಾಬ್ದಾರಳಲ್ಲ. ಒಂದು ‘ಅಡ’ ಸೇರಿಸಿದರೆ ಸಾಕು, ಹೇಳುವವಳು ಸುಳ್ಳಿನಿಂದಲೂ ಪಾರು, ಸತ್ಯದಿಂದಲೂ ಪಾರು. ಚಿಕ್ಕಿ ಇಪ್ಪತ್ತು ವರ್ಷ ಸುಮಂಗಲಿಯಾಗಿ ಬದುಕಿದ್ದು ಆ ಒಂದು ಪ್ರತ್ಯಯದ ಆಸರೆಯಲ್ಲಿ. ಸಂಸ್ಕೃತ ಓದಿದ ಭಟ್ಟರಿಗೆ ಇದು ಗೊತ್ತಿಲ್ಲದ್ದಲ್ಲ.

“ಅಡ ನಿನ್ನ ಬಾಯಲ್ಲಿದ್ದು,” ಎಂದರು ಅವರು ಮೆತ್ತಗೆ. “ಪದ್ಯದಲ್ಲಿ ಇಲ್ಲೆ.”

ಚಿಕ್ಕಿ ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಆಮೇಲೆ ಕೇಳಿದಳು:

“ಎಲೆಲಿ ಗಂಡನ್ನ ಮಾಡ್ತ್ರಿ, ಅಲ್ದಾ?”

“ಹೌದು. ಮುತ್ತುಗದ ಎಲೆ.”

“ಹಾಂಗಾದ್ರೆ ಪಕ್ಕಕ್ಕೆ ಒಂದು ಎಲೆ ಹೆಂಡತಿನೂ ಮಾಡಿ. ಅದರ ಬಳೆ ಒಡೀರಿ, ಅದರ ತಲೆ ಬೋಳಿಸಿ, ಅದಕ್ಕೆ ಕೆಂಪು ಸೀರೆ ಉಡ್ಸಿ. ಎಲೆ ಬೇಕಾದ್ರೆ ಆನೇ ಕೊಯ್ದು ತಂದು ಕೊಡ್ತೆ.”

ಭಾವ ಎದ್ದು ಅಂಗಳಕ್ಕೆ ಹೋಗಿ ಉಗುಳಿ ಬಂದರು. ಭಟ್ಟರು ನಗು ತಡೆದುಕೊಂಡದ್ದನ್ನು ನಾನು ನೋಡಿದೆ. ಆದರೆ ನಗು ಬಂತೆಂದು ಅಮಾವಾಸ್ಯೆ ಮುಂದೆ ಹೋಗುವುದಿಲ್ಲ. ಪದ್ಯದ ಮಾತು ಪದ್ಯದಲ್ಲೇ ತಿರುಗಿದರೆ ಮಾತ್ರ ತಾವು ಬೇರೆ ಯೋಚಿಸಬಹುದು ಎಂದು ಹೇಳಿ ಎದ್ದರು.

ಶಿರಸಿಗೆ ಬಂದವಳೇ ಮಾಸ್ತರರ ಮನೆಗೆ ಹೋದೆ. ಕವನ ಆಗಲೇ ಅಚ್ಚುಕೂಟಕ್ಕೆ ಹೋಗಿತ್ತು.

“ಬರ್ರಿ, ಬರ್ರಿ. ಕೂಡ್ರಿ,” ಎಂದರು ಮಾಸ್ತರರು. ನಾನು ನಡೆದದ್ದನ್ನು ಹೇಳಿದೆ. ಬಳೆಯ ಸಾಲು ತೆಗೆದುಬಿಡಿ ಎಂದೆ. ಅವರು ನಿಜವಾಗಿಯೂ ನೊಂದುಕೊಂಡರು, ಚಿಕ್ಕಿಗಾಗಿ ಅಲ್ಲ.

“ಬಳಿ ಒಡೀದ ಕರುಣರಸ ಎಲ್ಲಿಂದ ಬರ್ತದರಿ? ಗಂಡ ಸತ್ತ ಸುದ್ದಿ ಕೇಳಿ ಹೆಣ್ಣಮಗಳು ಬಳಿ ಹಾಕ್ಕೊಂಡು ಎಲಿ ಅಡಕಿ ತಿನ್ಕೋತ ಕುಂತ್ರ ಅದಕ್ಕ ಹಾಸ್ಯರಸ ಅಂತಾರ.”

“ಸತ್ತ ಸುದ್ದಿ ಬಂದಿಲ್ಲ ಮಾಸ್ತರೆ. ಅದೇ ತಪ್ಪು.”

“ನಿಮ್ಮ ತಾಯಿಯವರ ಬಾಯಿಂದ ಕೇಳೇನಿ. ಸತ್ನಡ, ಹೊಳ್ಯಾಗ ಮುಳಗಿದ್ನಡ, ಜ್ವರ ಬಂದಿತ್ತಡ. ಎಲ್ಲಾ ಬರಕೊಂಡೇನಿ.”

“ಅಡ ಬಿಟ್ಟು ಬರೆದುಕೊಂಡಿದ್ದೀರಿ.”

“ನಿಮ್ಮ ಮಂದಿ ಮಾತಿಗೊಮ್ಮೆ ಅಡ ಅಡ ಅಂತೀರಿ. ನಾ ಅದನ್ನ ಕೆಮ್ಮು ಇದ್ದಂಗ ಅಂತ ತಿಳಕೊಂಡೆ. ಕೆಮ್ಮು ಯಾರರ ಬರಕೋತಾರೇನ್ರಿ?”

ನಮ್ಮ ‘ಅಡ’ಕ್ಕೆ ಗ್ರಂಥಭಾಷೆಯಲ್ಲಿ ‘ಅಂತೆ’ ಇದೆಯಲ್ಲ, ಅದನ್ನಾದರೂ ಹಾಕಿ ಎಂದೆ. ಮಾಸ್ತರರು ಬೆರಳು ಮಡಚಿ ಎಣಿಸಿದರು. ಒಡೆದುವು, ನಾಲ್ಕು ಮಾತ್ರೆ. ಒಡೆದುವಂತೆ, ಆರು ಮಾತ್ರೆ. ಗಣ ಸತ್ತೇ ಹೋಯಿತು, ಎಂದರು. ಚಿಕ್ಕಪ್ಪ ಸತ್ತದ್ದನ್ನು ವರ್ಣಿಸುವಾಗ ಅವರ ದನಿಯಲ್ಲಿ ಅಷ್ಟು ದುಃಖ ನಾನು ಕೇಳಿರಲಿಲ್ಲ.

ಬಾಗಿಲವರೆಗೆ ಬಂದು ಕೊನೆಗೆ ಒಂದು ಮಾತು ಹೇಳಿದರು: “ಅಲ್ರೀ, ಆ ಸಾಲು ನಿಮ್ಮದ ಅಲ್ಲೇನು? ನಾ ಮೊದಲ ‘ಮುತ್ತಿನ ಸರದಂತೆ’ ಅಂತ ಹಾಕಿದ್ದೆ. ಹೋಲಿಕಿ ತಗೀರಿ, ಬಳಿ ಒಡದ್ವು ಅಂತ ಸೀದಾ ಹೇಳ್ರಿ ಅಂದಾವ್ರು ನೀವ.”

ಮನೆಗೆ ಬಂದು ದಿನಚರಿ ತೆಗೆದೆ. ‘ಮಾಸ್ತರರು ಹೊಸ ಸಾಲನ್ನು ಓದಿದರು; ನಾನು ಒಪ್ಪಿದೆ’ ಎಂದಷ್ಟೇ ಬರೆದುಕೊಂಡಿದ್ದೆ. ಒಪ್ಪಿದೆನೋ, ಒಪ್ಪಿಸಿದೆನೋ? ಚಿಕ್ಕಿಯ ಕೈ ನೋಡುತ್ತ ಬೆಳೆದವಳು ನಾನು. ಸುಂದರವಾಗಿ ಕೇಳಿಸುತ್ತದೆಂದು ಆ ಬಳೆಗಳನ್ನು ಬಾವಿಕಟ್ಟೆಗೆ ಹೊಡೆದವಳೂ ನಾನೇ ಆಗಿರಬಹುದು. ಆಗಿರಬಹುದು ಎಂದು ಬರೆಯುತ್ತಿದ್ದೇನೆ. ಇದು ನನ್ನ ‘ಅಡ’.

ಇನ್ನೊಂದು ದಾರಿ ಹೊಳೆಯಿತು. ಶಿರಸಿ ಯಲ್ಲಾಪುರ ನಡುವೆ ಮೋಟಾರು ಓಡಿಸುತ್ತಿದ್ದ ಸಾಹೇಬರೊಬ್ಬರು ಯಲ್ಲಾಪುರದವರು. ಯುದ್ಧದ ಕಾಲಕ್ಕೆ ಬಸ್ರಾದಲ್ಲಿ ಹೇಸರಗತ್ತೆ ಹೊಡೆಯುತ್ತಿದ್ದು, ಚಿಕ್ಕಪ್ಪ ಇದ್ದ ಡಿಪೋದಲ್ಲೇ ಇದ್ದು, ತಿರುಗಿ ಬಂದವರು. ಅವರು ಏನಾದರೂ ಹೇಳಬಹುದೆಂದು ಮರುದಿನ ಬೆಳಿಗ್ಗೆ ಅವರ ಮೋಟಾರು ಹತ್ತಿದೆ. ಯಲ್ಲಾಪುರದಲ್ಲಿ ಜನ ಇಳಿದ ಮೇಲೆ, ಅವರು ಇಂಜಿನ್ನಿಗೆ ನೀರು ಹಾಕುತ್ತಿರುವಾಗ ಕವನದ ಸಿಂಹದ ಕಥೆ, ಬಳೆ ತೆಗೆಸುವ ಮಾತು ಎಲ್ಲ ಹೇಳಿ ಕೇಳಿದೆ. ಅವರ ಮಾತುಗಳು ಇವೇ ಎಂದು ಆಣೆ ಮಾಡಲಾರೆ, ಆದರೆ ಸಾರ ಇದೇ.

“ಸಿಂಹಾನಾ?” ಎಂದರು ಸಾಹೇಬರು. “ಅಕ್ಕೋರೆ, ನಿಮ್ಮ ಚಿಕ್ಕಪ್ಪಗೆ ಹೇಸರಗತ್ತೆ ಕಂಡ್ರೆ ಜೀವ ಹೋಗ್ತಿತ್ತು. ದೂರ ನಿಂತು ಹುಲ್ಲಿನ ಮೂಟೆ ಎಣಿಸ್ತಿದ್ರು. ಕತ್ತಿ ಅಂದ್ರೆ ಅವ್ರು ಹಿಡಿದಿದ್ದು ಪೆನ್ಸಿಲ್ ಕೆತ್ತೋದು.”

“ಹೇಗೆ ಸತ್ತರು?”

ಅವರು ನೀರಿನ ಡಬ್ಬಿ ಕೆಳಗಿಟ್ಟರು.

“ಸತ್ರು ಅಂತ ಯಾರಂದ್ರು? ಒಂದಿನ ಹಾಜರಿಗೆ ಬರ್ಲಿಲ್ಲ. ಹುಡುಕಿದ್ರು, ಸಿಗ್ಲಿಲ್ಲ, ಕಾಗದ ಬರೆದ್ರು. ಆಮೇಲೆ ಲಡಾಯಿ ಮುಗೀತು. ನಾವೆಲ್ಲ ಜಹಾಜು ಹತ್ತೋಕೆ ಬಂದಾಗ ಬಸ್ರಾ ಬಜಾರಿನಾಗೆ ಕಂಡ್ರು. ಗಡ್ಡ ಬಿಟ್ಟಿದ್ರು. ಖರ್ಜೂರದ ಅಂಗಡ್ಯಾಗೆ ತಕ್ಕಡಿ ಹಿಡಿದು ಕೂತಿದ್ರು. ನಾ ಕೂಗಿದೆ. ಅವ್ರು ತಿರುಗಿ ನೋಡಿ, ಮುಖ ಆ ಕಡೆ ಮಾಡಿದ್ರು.”

“ಅವರೇ ಹೌದೋ?”

“ಅವ್ರೇ. ತೂಕ ಮಾಡುವಾಗ ನಾಲಿಗೆ ತುದಿ ಹೊರಗೆ ಬರ್ತಿತ್ತು ನೋಡಿ. ಅದು ಬೇರೆ ಯಾರಿಗೆ ಬರ್ತದೆ?”

ಚಿಕ್ಕಿಯ ಬಳೆ ಉಳಿಯಿತು ಎಂದುಕೊಂಡೆ. ಭಟ್ಟರ ಮುಂದೆ ಈ ಮಾತು ಹೇಳುತ್ತೀರಾ ಎಂದು ಕೇಳಿದೆ. ಸಾಹೇಬರು ಕೈ ಒರೆಸಿಕೊಂಡರು.

“ನಿಮ್ಮ ಚಿಕ್ಕಮ್ಮ ಹೂಂ ಅಂದ್ರೆ ಹೇಳ್ತೀನಿ. ಊರಿಗೆ ಬಂದ ವರ್ಷಾನೇ ಮನ್ಮನೆಗೆ ಹೋಗಿ ಅವ್ರಿಗೆ ಹೇಳಿದೀನಿ. ಬೆಲ್ಲ ನೀರು ಕೊಟ್ರು. ಎಲ್ಲಾ ಕೇಳಿದ್ರು. ಆಮೇಲೆ, ಸಾಹೇಬ್ರೆ, ಇದು ಇಲ್ಲಿಗೇ ಇರ್ಲಿ ಅಂದ್ರು. ಇಷ್ಟು ವರ್ಷ ಇಲ್ಲಿಗೇ ಇತ್ತು. ಬಳೆ ತೆಗೀತಾರೆ ಅಂದ್ರಲ್ಲ, ಅದಕ್ಕೆ ನಿಮ್ಮ ಹತ್ರ ಬಾಯಿಬಿಟ್ಟೆ.”

ಹಾಗಾದರೆ ಚಿಕ್ಕಿಗೆ ಗೊತ್ತಿತ್ತು. ನಾನು ಆಗ ಎರಡನೆಯ ಇಯತ್ತೆಯಲ್ಲಿದ್ದಿರಬೇಕು. ಆಗಿನಿಂದಲೂ ಅವಳು ‘ಸತ್ನಡ’ ಎನ್ನುತ್ತಲೇ ಬಂದಿದ್ದಳು. ಹೇಳಿದ್ದರಲ್ಲಿ ಸುಳ್ಳಿಲ್ಲ: ಸತ್ತನೆಂದು ಜನ ಹೇಳುತ್ತಲೇ ಇದ್ದರಲ್ಲ.

ಮತ್ತೆ ಮನ್ಮನೆಗೆ ಹೋಗಿ, ಅವಳೊಬ್ಬಳೇ ಇದ್ದಾಗ ಸಾಹೇಬರನ್ನು ಕಂಡದ್ದನ್ನು ಹೇಳಿದೆ. ಅವಳು ಬೆಚ್ಚಲಿಲ್ಲ. ಅತ್ತೆ ಸತ್ತ ಮೇಲೆ ಇದು ಬಂದೇ ಬರುತ್ತದೆಂದು ಕಾಯುತ್ತಿದ್ದವಳ ಹಾಗೆ ಕೂತಿದ್ದಳು.

“ಸಾಹೇಬರು ಬಂದು ಹೇಳಿದರೆ ಎಲ್ಲ ಇವತ್ತೇ ಮುಗಿಯುತ್ತದೆ ಚಿಕ್ಕಿ,” ಎಂದೆ. ನಾನು ಬಿ.ಎ. ಆದ ಮೇಲೆ ಅವಳ ಜತೆಗೂ ಪುಸ್ತಕದ ಕನ್ನಡವನ್ನೇ ಆಡುತ್ತಿದ್ದೆ. ಅದೂ ಒಂದು ಕಾಯಿಲೆ.

“ಬೇಡ.”

“ಯಾಕೆ?”

“ಬದುಕಿದ್ದ ಹೇಳಿದ್ರೆ ಭಾವ ಹುಡುಕಲೆ ಹೊರಡ್ತ. ಇಲ್ದಿದ್ರೆ ಬಿಟ್ಟು ಹೋದವನ ಹೆಂಡತಿ ಹೇಳಿ ಅಪ್ಪನ ಮನೆಗೆ ಕಳಿಸ್ತ. ಎರಡೂ ಬೇಡ. ಬೇರೆ ಎಂತಾದ್ರೂ ಮಾಡು. ಆ ಸಾಲು ನಿಂದೇ ಅಡ, ಅಲ್ದಾ?”

ಮಾಸ್ತರರು ಅದನ್ನು ಅವಳವರೆಗೂ ಮುಟ್ಟಿಸಿದ್ದರು.

ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸವನ್ನು ಮಾಸ್ತರರು ಮೊದಲೇ ನನಗೆ ವಹಿಸಿದ್ದರು. ಜಗಳವಾದ ಮೇಲೂ ಹಿಂತೆಗೆದುಕೊಂಡಿರಲಿಲ್ಲ, ಬೇರೆ ಯಾರೂ ನೂರೆಂಟು ಪದ್ಯ ಓದಲು ಒಪ್ಪಿರಲಿಲ್ಲ. ಮೊಳೆ ಜೋಡಿಸುವವರು ವಯಸ್ಸಾದ ಒಬ್ಬ ಕೊಂಕಣಿಗರು. ಕೊನೆಯ ಹಾಳೆಯ ಕರಡಿನಲ್ಲಿ ‘ಒಡೆದುವು’ ಎಂಬುದನ್ನು ಹೊಡೆದು ‘ಒಡೆದುವಂತೆ’ ಎಂದು ಬರೆದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಮೇಲೆ ಮಾಡಿ ನನ್ನನ್ನು ನೋಡಿದರು.

“ಆಗುವುದಿಲ್ಲ, ಬಾಯಿಯವರೆ.”

“ಯಾಕೆ?”

“ತೆ ಮುಗಿದಿದೆ.”

“ಏನು ಮುಗಿದಿದೆ?”

“ತೆ, ತೆ. ಮೊಳೆ. ಸಿಂಹದಂತೆ, ಸಿಡಿಲಿನಂತೆ, ತಾವರೆಯಂತೆ. ಈ ಹಾಳೆಯೊಂದರಲ್ಲೇ ಪೆಟ್ಟಿಗೆ ಖಾಲಿ. ಇಂಥ ಕವಿ ಇನ್ನೊಬ್ಬರು ಬಂದರೆ ನಾವು ಅಂಗಡಿ ಮುಚ್ಚಬೇಕು. ಒಂದು ತೆ ಬೇಕಾದರೆ ಎಲ್ಲಿಂದಾದರೂ ಕಿತ್ತು ಕೊಡಿ.”

ಹಾಳೆಯನ್ನು ಮೇಲಿಂದ ಕೆಳಗೆ ನೋಡಿದೆ. ‘ಹುಲಿಯಂತೆ ಎರಗಿದನು’ ಎಂದು ಒಂದು ಕಡೆ ಇತ್ತು. ಸಿಂಹ ಹುಲಿಯಂತೆ ಯಾಕೆ ಎರಗಬೇಕೋ ಅದು ಮಾಸ್ತರರಿಗೇ ಗೊತ್ತು. ‘ಹುಲಿಯಾಗಿ ಎರಗಿದನು’ ಎಂದು ತಿದ್ದಿದೆ. ಮಾತ್ರೆ ಸರಿಯಾಯಿತು, ಉಪಮೆ ಹೋಗಿ ರೂಪಕವಾಯಿತು. ಅವರು ಚಿಮಟದಿಂದ ಹುಲಿಯ ‘ತೆ’ಯನ್ನು ಎತ್ತಿ ಬಳೆಯ ಪಕ್ಕದಲ್ಲಿಟ್ಟು ಬೆರಳಿಂದ ಒತ್ತಿದರು.

ಪುಸ್ತಕ ಬಂದ ದಿನ ಒಂದು ಪ್ರತಿ ಹಿಡಿದುಕೊಂಡು ಮನ್ಮನೆಗೆ ಹೋದೆ. ಅಮಾವಾಸ್ಯೆಗೆ ನಾಲ್ಕೋ ಐದೋ ದಿನ ಇತ್ತು. ಜಗುಲಿಯ ಮೂಲೆಯಲ್ಲಿ ಮುತ್ತುಗದ ಎಲೆಯ ಕಟ್ಟು ಆಗಲೇ ಬಂದು ಕೂತಿತ್ತು. ಭಟ್ಟರು ಪುಸ್ತಕ ಬಿಡಿಸಿ, ಸಾಲನ್ನು ದೊಡ್ಡದಾಗಿ ಓದಿದರು. ಎಡವಿದರು. ಮತ್ತೆ ಓದಿದರು.

“ಒಡೆದುವಂತೆ,” ಎಂದರು. “ಇದೆಂತದು? ಒಡೆದುವು ಅಡ ಹೇಳಿಯೋ, ಒಡೆದ ಹಾಂಗೆ ಹೇಳಿಯೋ?”

“ಎರಡು ಅರ್ಥವೂ ಬರುತ್ತದೆ.”

“ಅಡ ಆದ್ರೆ ಕೇಳಿದ ಮಾತು. ಹಾಂಗೆ ಆದ್ರೆ ಉಪಮೆ.” ಅವರು ಪುಸ್ತಕ ಮುಚ್ಚಿದರು. “ಎರಡಕ್ಕೂ ಪ್ರಮಾಣ ಇಲ್ಲೆ. ಬಳೆ ಒಡದ್ದು ಹೇಳಿ ಈಗ ಯಾರೂ ಹೇಳಿದ ಹಾಂಗಾತಿಲ್ಲೆ.”

“ಸಭೆಲಿ ಹಾಂಗೆ ಓದಿದ್ದಿಲ್ಯಲೋ,” ಎಂದರು ಭಾವ.

“ಅಚ್ಚಾದದ್ದು ದೊಡ್ಡದೋ, ಬಾಯಲ್ಲಿ ಓದಿದ್ದು ದೊಡ್ಡದೋ?” ಎಂದು ಭಟ್ಟರು ಕೇಳಿದರು. ನಾನು ಶಾಸ್ತ್ರವನ್ನು ಗೆದ್ದೆ ಎಂದು ಆಗ ಬೀಗಿದ್ದೆ. ಈಗ ಅನಿಸುತ್ತದೆ, ಎಲೆ ಹೆಂಡತಿಯ ಮಾತು ಕೇಳಿದ ದಿನವೇ ಅವರು ಮನಸ್ಸು ಬದಲಿಸಿ, ಹೊರಬರಲು ಒಂದು ಬಾಗಿಲು ಹುಡುಕುತ್ತಿದ್ದರೇನೋ. ಯಾರಾದರೂ ಒಂದು ‘ತೆ’ ಕೊಟ್ಟಿದ್ದರೆ ಸಾಕಿತ್ತು. ಭಾವ ಎರಡು ದಿನ ಊಟದ ಹೊತ್ತಿಗೆ ಮಾತಾಡಲಿಲ್ಲವಂತೆ. ಆಮೇಲೆ ಮುತ್ತುಗದ ಎಲೆಗಳನ್ನು ಒಣಗಿಸಿ ಊಟಕ್ಕೆ ಬಳಸಿದರು.

ಮಾಸ್ತರರು ನನ್ನೊಡನೆ ಮಾತು ಬಿಟ್ಟರು. ಒಂದು ಪತ್ರಿಕೆ ಕವನವನ್ನು ವಿಮರ್ಶೆ ಮಾಡಿ, ‘ಹುಲಿಯಾಗಿ ಎರಗಿದನು’ ಎಂಬಲ್ಲಿ ಕವಿಯ ಪ್ರತಿಭೆ ಮಿಂಚುತ್ತದೆಂದೂ ಬಳೆಯ ಸಾಲು ಕುಂಟುವುದರಿಂದ ಕರುಣರಸಕ್ಕೆ ಭಂಗ ಬಂದಿದೆಯೆಂದೂ ಬರೆಯಿತು. ಮಾಸ್ತರರು ಮೊದಲ ವಾಕ್ಯವನ್ನು ಎಲ್ಲರಿಗೂ ಓದಿ ತೋರಿಸಿದರು. ವಿಮರ್ಶಕರು ಹೇಳಿದ್ದು ಸರಿ. ಒಳ್ಳೆಯ ಸಾಲೊಂದನ್ನು ಕೈಯಾರೆ ಕೆಡಿಸಿದೆ. ಅದು ಕೆಟ್ಟದ್ದಕ್ಕೆ ನನಗೆ ಈಗಲೂ ಸ್ವಲ್ಪ ಬೇಸರವಿದೆ, ಆ ಬೇಸರಕ್ಕೆ ನಾಚಿಕೆಯೂ ಇದೆ.

ಚಿಕ್ಕಿಯ ಬಳೆ, ಜಡೆ ಉಳಿದವು. ಆದರೆ ಯಾವ ಗಂಡನ ಹೆಸರಿನಲ್ಲಿ ಉಳಿದವು ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಸಾಹೇಬರು ಹೇಳಿದ್ದು ಅವಳಿಗೆ ಮೊದಲಿಂದ ಗೊತ್ತು. ಕಾಗದ ಬರೆಸಬಹುದಿತ್ತು, ನನ್ನ ತಂದೆ ಬರೆದುಕೊಡುತ್ತಿದ್ದರು. ಅವಳು ಬರೆಸಲಿಲ್ಲ. ಅತ್ತೆ ದಿನಾ ದೇವರಿಗೆ ದೀಪ ಹಚ್ಚಿ ಮಗ ಬರಲಿ ಎಂದು ಕೇಳುತ್ತಿದ್ದಾಗ ಅವಳು ಪಕ್ಕದಲ್ಲಿ ಬತ್ತಿ ಹೊಸೆದು ಕೊಡುತ್ತಿದ್ದಳು, ಬಾಯಿ ತೆರೆಯಲಿಲ್ಲ. ನಾವೆಲ್ಲ ಅದನ್ನು ವಿರಹ ಎಂದುಕೊಂಡಿದ್ದೆವು. ಕಾಲೇಜಿನಲ್ಲಿ ವಿಪ್ರಲಂಭದ ಪಾಠವಾದಾಗ ನಾನು ಅವಳನ್ನೇ ನೆನೆದು ಕಣ್ಣೀರು ಹಾಕಿದ್ದೆ.

ಕಳೆದ ವರ್ಷ ಅವಳು ಶಿರಸಿಗೆ ಬಂದಿದ್ದಳು. ಮಧ್ಯಾಹ್ನ ಇಬ್ಬರೇ ಅಕ್ಕಿ ಆರಿಸುತ್ತ ಕೂತಿದ್ದೆವು. ಪುಸ್ತಕದ ಕನ್ನಡ ಬಿಟ್ಟು, ಮೊರದ ಮೇಲಿಂದ ಕಣ್ಣೆತ್ತದೆ, ಕೇಳಿಯೇಬಿಟ್ಟೆ. ಅವಳು ಒಂದು ಕಲ್ಲು ಆರಿಸಿ ಬದಿಗಿಟ್ಟಳು, ಇನ್ನೊಂದು ಆರಿಸಿದಳು, ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ಮತ್ತೆ ಅಕ್ಕಿಗೆ ತಿರುಗಿದಳು. ಆಮೇಲೂ ಎರಡು ಸಲ ಕಾಗದದಲ್ಲಿ ಅದನ್ನೇ ಬರೆದು ಕೇಳಿದ್ದೇನೆ. ಅವಳ ಉತ್ತರದಲ್ಲಿ ಎಮ್ಮೆ ಕರು ಹಾಕಿದ ಸುದ್ದಿ, ಭಾವನ ಕೆಮ್ಮಿನ ಸುದ್ದಿ ಎಲ್ಲ ಇರುತ್ತದೆ, ಇದೊಂದು ಇರುವುದಿಲ್ಲ. ನಾನು ಕೇಳಿದ್ದು ಇಷ್ಟೇ:

“ಚಿಕ್ಕಿ, ಅಂವ ತಿರುಗಿ ಬಪ್ಪದು ಬೇಕು ಹೇಳಿ ನಿಂಗೆ ಒಂದು ದಿನನಾದ್ರೂ ಅನ್ಸಿತ್ತಾ?”